ಚಕ್ರಪಾಣಿ ಅಯ್ಯಂಗಾರರೂ ಸ್ಕೂಲ್ ಬಸ್ಸೂ

ಮಲ್ಲೇಶ್ವರದ ಹನ್ನೊಂದನೇ ಕ್ರಾಸಿನ ಚಕ್ರಪಾಣಿ ಅಯ್ಯಂಗಾರರು ಸರ್ಕಾರಿ ಕೆಲಸದಲ್ಲಿದ್ದಷ್ಟು ದಿನ ಒಂದೇ ಒಂದು ತೀರ್ಮಾನ ಮಾಡಿದವರಲ್ಲ. ಇದು ಕುಹಕದ ಮಾತಲ್ಲ, ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದದ್ದು. ಅಠಾರಾ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದಾಗ ಮೇಜಿನ ಮೇಲೆ ಏನೇ ಬರಲಿ, "ಪರಿಶೀಲಿಸಬೇಕು" ಅಂದುಬಿಟ್ಟು ಮೇಲಕ್ಕೋ ಕೆಳಕ್ಕೋ ಸಾಗಹಾಕುತ್ತಿದ್ದರು. ಒಂದು ತಪ್ಪೂ ಮಾಡದೆ ರಿಟೈರ್ ಆದರು. ಏನೂ ಮಾಡದವರು ತಪ್ಪಾದರೂ ಹೇಗೆ ಮಾಡಿಯಾರು, ಬಿಡಿ.

ರಿಟೈರ್ ಆದ ಮೇಲೆ ಹೆಂಡತಿಯೂ ತೀರಿಕೊಂಡರು. ಮಗ ವರದರಾಜ ಬೆಳಗ್ಗೆ ಎದ್ದರೆ ಬ್ಯಾಂಕಿಗೆ, ಸೊಸೆ ವೇದವಲ್ಲಿ ಅಡುಗೆಮನೆಗೆ. ಇವರ ಪಾಲಿಗೆ ಉಳಿದದ್ದು ಈಸಿಚೇರು ಮತ್ತು ಪಂಚಾಂಗ. ಪಂಚಾಂಗದಲ್ಲಿ ಮಾತ್ರ ಅವರದು ಎತ್ತಿದ ಕೈ. ಬೀದಿಯಲ್ಲಿ ಯಾರಿಗೆ ವರ್ಗವಾಗಲಿ, ಯಾರು ಹೆಣ್ಣು ನೋಡೋಕೆ ಹೊರಡಲಿ, ಅಯ್ಯಂಗಾರ್ರನ್ನ ಒಂದು ಮಾತು ಕೇಳಿ ಅನ್ನೋರು. ಹೊರಡುವ ಹೊತ್ತಿಗೆ ಸರಿಯಾಗಿ ರಾಹುಕಾಲ ಬಂತೋ, ಅದಕ್ಕೂ ಇವರಲ್ಲಿ ಮದ್ದಿತ್ತು. "ಪರಸ್ಥಾನ ಇಡ್ರಿ" ಅನ್ನೋರು. ಅಂದರೆ, ಹೊರಡುವವರ ಚೀಲವನ್ನೋ ಕೊಡೆಯನ್ನೋ ಮುಂಚೆಯೇ ಒಳ್ಳೆ ಗಳಿಗೆ ನೋಡಿ ಎದುರುಮನೆಗೆ ದಾಟಿಸಿಬಿಡುವುದು. ಸಾಮಾನು ಹೊರಟಿತೆಂದರೆ ಮನುಷ್ಯನೂ ಹೊರಟ ಹಾಗೇ ಲೆಕ್ಕ. ಆಮೇಲೆ ಅವನು ಯಾವಾಗ ಬೇಕಾದರೂ ಹೊಸಲು ದಾಟಬಹುದು. ರಾಹುವಿನ ಕಣ್ಣಿಗೆ ಮಣ್ಣೆರಚುವ ಈ ಉಪಾಯವನ್ನು ಕಂಡುಹಿಡಿದವನು ಯಾವುದೋ ಕಚೇರಿಯ ಗುಮಾಸ್ತನೇ ಇರಬೇಕು.

ಹೀಗಿದ್ದವರಿಗೆ ಮೊಮ್ಮಗಳು ಆಂಡಾಳ್ ಐದು ತುಂಬಿ ಸ್ಕೂಲಿಗೆ ಸೇರಿದ್ದು ಮತ್ತೆ ಕೆಲಸ ಸಿಕ್ಕಂತಾಯಿತು. ಸ್ಕೂಲು ಶೇಷಾದ್ರಿಪುರದ ಕಡೆ. ದಿನಾ ಕರಿ ಟೋಪಿ, ಮುಚ್ಚುಕೋಟು, ಕೈಯಲ್ಲಿ ಕೊಡೆ. ಇನ್ನೊಂದು ಕೈಯಲ್ಲಿ ಮಗುವಿನ ಕೈ. ಸಂಪಿಗೆ ರಸ್ತೆ ಇಳಿದು ಹೋಗುವಷ್ಟರಲ್ಲಿ ದ್ರೌಪದಿಯ ಸ್ವಯಂವರದ ಕಥೆ ಅರ್ಧ ಮುಗಿಯುತ್ತಿತ್ತು, ವಾಪಸ್ ಬರುವಾಗ ಇನ್ನರ್ಧ. ಸೋಮವಾರ ಬಂತೆಂದರೆ ಇನ್ನೂ ಮಜಾ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ, ಸ್ಕೂಲು ಶುರುವಾಗುವುದು ಒಂಬತ್ತಕ್ಕೆ. ಪರಸ್ಥಾನ ಊರಿಗೆಲ್ಲ ಹೇಳುತ್ತಿದ್ದರೇ ಹೊರತು ತಮ್ಮ ಸೋಮವಾರಕ್ಕೆ ಅದನ್ನು ಬಳಸಲಿಲ್ಲ. ಏಳೂಕಾಲಕ್ಕೇ ಮಗುವನ್ನು ಹೊರಡಿಸಿಕೊಂಡು ಹೋಗಿ, ಬೀಗ ಹಾಕಿದ ಸ್ಕೂಲಿನ ಗೇಟಿನೆದುರು ಮೋರಿ ಕಟ್ಟೆ ಮೇಲೆ ಕೂತು, ಇಬ್ಬರೂ ಕೋಡುಬಳೆ ತಿನ್ನುತ್ತಾ ಹರಟುತ್ತಿದ್ದರು. ಇಡೀ ವಾರದಲ್ಲಿ ಅವರು ಕಾಯುತ್ತಿದ್ದದ್ದು ಆ ಹೊತ್ತಿಗೆ. ಆ ನಡಿಗೆಯೊಂದು ತಪ್ಪಿಹೋದರೆ ತಮಗೆ ದಿನದಲ್ಲಿ ಇನ್ನೇನೂ ಇಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಐವತ್ಮೂರನೇ ಇಸವಿ ಬೇಸಿಗೆ ರಜದಲ್ಲಿ ಆ ಸ್ಕೂಲಿನವರಿಗೆ ಬಸ್ಸಿನ ಹುಚ್ಚು ಹತ್ತಿತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಯೊಂದನ್ನು ಎಲ್ಲಿಂದಲೋ ಹಿಡಿದು ತಂದು, ಮರದ ಮೈ ಕಟ್ಟಿಸಿ, ನೀಲಿ ಬಣ್ಣ ಬಳಿದರು. ಇನ್ನು ಮೇಲೆ ಮಲ್ಲೇಶ್ವರದ ಮಕ್ಕಳನ್ನು ಮನೆ ಬಾಗಿಲಿಗೇ ಬಂದು ಕರೆದುಕೊಂಡು ಹೋಗುತ್ತದೆ ಅಂತ ಸುದ್ದಿ.

"ಆಂಡಾಳನ್ನ ಬಸ್ಸಿಗೆ ಹಾಕಿಬಿಡೋಣ ಅಂತಿದೀವಿ ಅಪ್ಪ. ನಿಮ್ಮ ಮಂಡಿನೋವು ಬೇರೆ," ಅಂದ ವರದರಾಜ, ಊಟದೆಲೆಯಿಂದ ತಲೆಯೆತ್ತದೆ.

ಮಂಡಿನೋವು ಬರೀ ನೆಪ. ನಡೆದದ್ದೇ ಬೇರೆ. ಮಾರ್ಚಿ ತಿಂಗಳಲ್ಲಿ ಇವರು ನಡುರಸ್ತೆಯಲ್ಲಿ ನಿಂತು, ಅರ್ಜುನ ಮತ್ಸ್ಯಯಂತ್ರ ಹೊಡೆದದ್ದು ಹೀಗೆ ಅಂತ ಕೊಡೆ ಎತ್ತಿ ತೋರಿಸುತ್ತಿದ್ದಾಗ ಜಟಕಾವೊಂದು ಮೈಮೇಲೆ ಬಂದಿತ್ತು. ಜಟಕಾದವನು ಲಗಾಮು ಜಗ್ಗಿ ನಿಲ್ಲಿಸಿ, "ಏನ್ ಸ್ವಾಮಿ, ಮನೇಲಿ ಹೇಳ್ಬಿಟ್ಟು ಬಂದಿದೀರಾ?" ಅಂತ ಕೂಗಿದ್ದನ್ನು ಎದುರುಮನೆ ಜಾನಕಮ್ಮ ಕಣ್ಣಾರೆ ಕಂಡಿದ್ದರು. ಜಾನಕಮ್ಮನ ಕಣ್ಣಿಗೆ ಬಿದ್ದದ್ದು ಬೀದಿಗೆಲ್ಲ ಬಿದ್ದ ಹಾಗೆ. ವೇದವಲ್ಲಿ ಅವತ್ತಿಂದ ನಿದ್ದೆಗೆಟ್ಟಿದ್ದಳು. ಆದರೆ ಮಾವನ ಮುಖಕ್ಕೆ ಹೊಡೆದ ಹಾಗೆ ಹೇಳುವ ಸೊಸೆ ಅಲ್ಲ ಅವಳು.

"ಪರಿಶೀಲಿಸಬೇಕು," ಅಂದರು ಅಯ್ಯಂಗಾರರು.

ಪರಿಶೀಲನೆಗೆ ಖುದ್ದಾಗಿ ಹೊರಟೇಬಿಟ್ಟರು. ಬಸ್ಸಿನ ಸುತ್ತ ಪ್ರದಕ್ಷಿಣೆ ಹಾಕಿ, ಕೊಡೆಯ ತುದಿಯಿಂದ ಚಕ್ರ ತಿವಿದು ನೋಡಿ, ಡ್ರೈವರ್ ದೊಡ್ಡಬೈರಪ್ಪನನ್ನು ಕರೆದರು.

"ಬ್ರೇಕು ಇದೆಯೇನಯ್ಯಾ?"

"ಇಲ್ದೆ ಏನ್ ಸಾಮಿ, ಇಳಿಜಾರಲ್ಲಿ ಕಾಲು ಕೊಟ್ಟು ನಿಲ್ಲಿಸ್ತೀನಾ?"

"ಮುಂಚೆ ಎಲ್ಲಿ ಓಡಿಸ್ತಿದ್ದೆ?"

"ಬರ್ಮಾದಾಗೆ ಸಾಮಿ. ಮಿಲಿಟ್ರಿ."

"ಅಲ್ಲಿ ಮಕ್ಕಳನ್ನ ಕೂರಿಸ್ಕೊಂಡಿದ್ದೆಯೋ?"

"ಇಲ್ಲ ಸಾಮಿ. ಬಾಂಬು."

ಬಾಂಬನ್ನು ಜೋಪಾನವಾಗಿ ಸಾಗಿಸಿದವನು ಮಕ್ಕಳನ್ನೂ ಸಾಗಿಸಬಲ್ಲ ಅಂತ ಬೇರೆ ಯಾರಾದರೂ ನೆಮ್ಮದಿಯ ಉಸಿರು ಬಿಡುತ್ತಿದ್ದರು. ಅಯ್ಯಂಗಾರರು ಮನೆಗೆ ಬಂದು, "ಡ್ರೈವರು ಬಾಂಬಿನವನು ಕಣೇ!" ಅಂತ ಸೊಸೆಗೆ ವರದಿ ಒಪ್ಪಿಸಿದರು. ಪೆಟ್ರೋಲಿನ ವಾಸನೆಗೆ ಮಗುವಿನ ಹಸಿವು ಇಂಗಿಹೋಗುತ್ತೆ. ಮಕ್ಕಳನ್ನು ನೋಡಿಕೊಳ್ಳೋಕೆ ಇಟ್ಟಿರೋ ಆಯಾ ಲಕ್ಷ್ಮೀದೇವಮ್ಮ ಬಾಯಿತುಂಬ ಎಲೆಅಡಿಕೆ ಹಾಕಿಕೊಂಡಿರ್ತಾಳೆ, ಮಗು ಬಿದ್ದರೆ ಕೂಗೋದು ಹೇಗೆ? ಒಂದೊಂದಕ್ಕೂ ವರದರಾಜ ಉತ್ತರ ಕೊಟ್ಟ. ಕೊನೆಗೆ ಅಯ್ಯಂಗಾರರು ಬ್ರಹ್ಮಾಸ್ತ್ರ ಬಿಟ್ಟರು.

"ಬಸ್ಸು ಎಂಟೂಕಾಲಕ್ಕೆ ಬರೋದಂತೆ. ಸೋಮವಾರ ಅದು ಶುದ್ಧ ರಾಹುಕಾಲ. ವಾರ ವಾರ ರಾಹುಕಾಲದಲ್ಲಿ ಹೆಣ್ಣುಮಗುವನ್ನ ಹೊಸಲು ದಾಟಿಸ್ತೀರೇನೋ? ನಾನಿರೋವರೆಗೂ ಆಗದ ಮಾತು!"

ಅಯ್ಯಂಗಾರರು ಗೆದ್ದೆ ಅಂದುಕೊಂಡು ಪಂಚಾಂಗ ಮಡಿಚಿದರು. ಆಗ ವೇದವಲ್ಲಿ ಅಡುಗೆಮನೆ ಬಾಗಿಲಿಗೆ ಬಂದು, ತುಂಬಾ ವಿನಯದಿಂದ, "ಪರಸ್ಥಾನ ಇಟ್ಟರೆ ಆಗೋಲ್ವೇ ಮಾವ? ನೀವೇ ಎಲ್ಲರಿಗೂ ಹೇಳ್ತಿರ್ತೀರಲ್ಲ," ಅಂದಳು.

ಆಗೊಲ್ಲ ಅನ್ನೋಕೆ ಬಾಯಿ ತೆಗೆದರು. ಏನಂತ ಹೇಳುವುದು? ಕಳೆದ ವಾರ ತಾನೇ ಜಾನಕಮ್ಮನ ಮಗನಿಗೆ ಹೇಳಿ ಕೊಡೆ ದಾಟಿಸಿದ್ದರು. ಪರಸ್ಥಾನ ಸುಳ್ಳು ಅಂದರೆ ತಾವು ಈ ಬೀದಿಗೆ ಕೊಟ್ಟ ಉಪದೇಶವೆಲ್ಲ ಸುಳ್ಳು. ಪಾಪ, ತಾವು ಹೆಣೆದ ಬಲೆಗೆ ತಾವೇ ಬಿದ್ದು, "ಆಗುತ್ತೆ," ಅಂದರು. ಅವತ್ತು ರಾತ್ರಿ ಮಜ್ಜಿಗೆ ಅನ್ನಕ್ಕೆ ಏಳದೆ, ಹೊಟ್ಟೆ ಸರಿಯಿಲ್ಲ ಅಂತ ಮಲಗಿಬಿಟ್ಟರು.

ರಜ ಮುಗಿದು ಸ್ಕೂಲು ತೆರೆಯುವ ಜೂನ್ ತಿಂಗಳ ಆ ಸೋಮವಾರ ಬಂತು. ಏಳು ಗಂಟೆ ಹೊಡೆದದ್ದೇ ತಡ, ಅಯ್ಯಂಗಾರರು ತಾವೇ ಆಂಡಾಳ್‌ಳ ಚೀಲಕ್ಕೆ ಕುಂಕುಮ ಇಟ್ಟು, ಜಾನಕಮ್ಮನ ಮನೆ ಜಗಲಿಯ ಮೇಲೆ ಪೂರ್ವಾಭಿಮುಖವಾಗಿ ಇಟ್ಟು ಬಂದರು. ಕೆಲಸವೆಂದರೆ ಕೆಲಸ, ಅದರಲ್ಲಿ ಲೋಪ ಮಾಡುವ ಜನ ಅಲ್ಲ. ಎಂಟೂಕಾಲಕ್ಕೆ ನೀಲಿ ಬಸ್ಸು ಭೋರ್ ಅಂತ ಬೀದಿಗೆ ನುಗ್ಗಿತು. ಎಲ್ಲ ಮನೆಯವರೂ ಆಚೆ ಬಂದರು. ಆಂಡಾಳ್ ಲಂಗ ಎತ್ತಿಕೊಂಡು ಓಡಿದಳು, ಲಕ್ಷ್ಮೀದೇವಮ್ಮ ಅನಾಮತ್ತಾಗಿ ಎತ್ತಿ ಒಳಗೆ ಕೂರಿಸಿದಳು, ವೇದವಲ್ಲಿ ಕಣ್ಣೊರೆಸಿಕೊಂಡಳು, ವರದರಾಜ ಕೈಬೀಸಿದ, ಬಸ್ಸು ಹೊರಟೇಹೋಯಿತು. ಮಗು ಕಿಟಕಿಯಿಂದ ತಿರುಗಿ ನೋಡಲೇ ಇಲ್ಲ ಅನ್ನುವುದನ್ನು ಗಮನಿಸಿದವರು ಒಬ್ಬರೇ.

ಸ್ವಲ್ಪ ಹೊತ್ತಿಗೆ ಜಾನಕಮ್ಮನ ಕೂಗು. "ಅಯ್ಯೋ ವೇದಾ! ಮಗು ಹೋಯ್ತು, ಚೀಲ ಇಲ್ಲೇ ಕೂತಿದೆಯಲ್ಲೇ!"

ಎಲ್ಲರಿಗಿಂತ ಮುಂಚೆ ಹೊರಟಿದ್ದ ಚೀಲ ಜಗಲಿ ಬಿಟ್ಟು ಕದಲಿರಲಿಲ್ಲ. ಅದರಲ್ಲಿ ಸ್ಲೇಟು, ಮೊಸರನ್ನದ ಡಬ್ಬಿ. ವರದರಾಜ ಗಡಿಯಾರ ನೋಡಿಕೊಂಡು ಪೇಚಾಡುವಷ್ಟರಲ್ಲಿ ಅಯ್ಯಂಗಾರರು ಟೋಪಿ ಹಾಕಿಕೊಂಡು ಬೀದಿಗೆ ಇಳಿದಾಗಿತ್ತು.

"ಮಾವ, ರಾಹುಕಾಲ!" ಅಂದಳು ವೇದವಲ್ಲಿ ಗಾಬರಿಯಿಂದ.

"ಚೀಲ ಆಗ್ಲೇ ಹೊರಟಿದೆ. ನಾನು ಬರೀ ಅದರ ಜೊತೆ ಹೋಗ್ತಿದೀನಿ."

ಮಂಡಿನೋವು ಎಲ್ಲಿ ಹೋಯಿತೋ ಕಾಣೆ. ಸಂಪಿಗೆ ರಸ್ತೆಯನ್ನು ಹುಡುಗನ ಹಾಗೆ ಇಳಿದರು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಚಿತ್ರ. ಮಗು ಗೇಟು ಹಿಡಿದು ನಿಂತಿರುತ್ತೆ, ಅತ್ತೂ ಅತ್ತೂ ಮುಖ ಊದಿರುತ್ತೆ, ತಾತನನ್ನು ಕಂಡದ್ದೇ ಕೊರಳಿಗೆ ಜೋತುಬೀಳುತ್ತೆ. ಅಲ್ಲಿಗೆ ಬಸ್ಸಿನ ಕಥೆ ಮುಗಿಯಿತು.

ಗೇಟಿನೊಳಗೆ ಆಂಡಾಳ್ ಇನ್ನಿಬ್ಬರು ಹುಡುಗಿಯರ ಕೈಹಿಡಿದು ಗಿರಗಿರ ತಿರುಗುತ್ತಿದ್ದಳು. ತಾತ ಮೂರು ಸಲ ಕರೆದ ಮೇಲೆ ಬಂದಳು.

"ನೀನ್ಯಾಕೆ ಬಂದೆ ತಾತ?"

"ಚೀಲ ಬಿಟ್ಟು ಬಂದಿದೀಯಲ್ಲಮ್ಮ."

ಚೀಲ ಕಿತ್ತುಕೊಂಡು, ಹಿಂದಕ್ಕೆ ನೋಡಿ, ಪಿಸುಮಾತಿನಲ್ಲಿ ಹೇಳಿದಳು. "ನಾವು ಬಸ್ಸಿನೋರು. ಅವರೆಲ್ಲ ನಡಕೊಂಡು ಬರೋರು. ನಿನ್ನ ನೋಡಿದ್ರೆ ನಾನೂ ನಡಕೊಂಡು ಬರೋಳು ಅಂತಾರೆ. ಹೋಗು ತಾತ."

ಅಯ್ಯಂಗಾರರ ಕಣ್ಣಲ್ಲಿ ನೀರು ತುಂಬಿ, ತಡೆಯುವ ಮೊದಲೇ ಕೆನ್ನೆಗಿಳಿಯಿತು. ಮಗು ಕತ್ತೆತ್ತಿ ಅದನ್ನೇ ನೋಡುತ್ತಾ ನಿಂತಿತು. ಗಂಟೆ ಹೊಡೆದದ್ದೇ ಒಳಗೆ ಓಡಿಹೋಯಿತು. ಅವರು ಹೆಂಡತಿ ಹೋದಾಗ ಕೂಡ ಹೀಗೆ ರಸ್ತೆಯಲ್ಲಿ ನಿಂತು ಅತ್ತಿರಲಿಲ್ಲ.

ಮನೆಗೆ ಬಂದಾಗ ವೇದವಲ್ಲಿ ಬಾಗಿಲಲ್ಲೇ ಕಾದಿದ್ದಳು. "ಹೇಗಿದಾಳೆ ಮಾವ?"

"ಹೇಗಿರ್ತಾಳೆ? ನನ್ನ ಕಂಡಿದ್ದೇ ಒಂದೇ ಸಮ ಅಳು. ಬಿಡಿಸ್ಕೊಂಡು ಬರೋದೇ ಕಷ್ಟ ಆಯ್ತು." ಈ ಮಾತು ಬಾಯಿಂದ ಹೇಗೆ ಬಂತೋ ಅವರಿಗೇ ಗೊತ್ತಿಲ್ಲ. ಬಂದ ಮೇಲೆ ವಾಪಸ್ ತೆಗೆದುಕೊಳ್ಳಲೂ ಇಲ್ಲ.

ವೇದವಲ್ಲಿಯ ಮುಖ ಚಿಕ್ಕದಾಯಿತು. "ಅಯ್ಯೋ ನನ್ನ ಕಂದ! ಸುಮ್ಮನೆ ನಿಮ್ಮ ಮಾತು ಮೀರಿದೆವು ಮಾವ. ಬಸ್ಸೂ ಬೇಡ, ಏನೂ ಬೇಡ. ನಾಳೆಯಿಂದ ನಿಮ್ಮ ಜೊತೆನೇ ಬರಲಿ," ಅಂದಳು.

ಅಯ್ಯಂಗಾರರು "ನೋಡಿ, ನಿಮ್ಮಿಷ್ಟ," ಅಂದರು. ಮಧ್ಯಾಹ್ನ ಹುಳಿಯನ್ನ ಎರಡು ಸಲ ಬಡಿಸಿಕೊಂಡರು. ನಡುನಡುವೆ ಎದೆಯಲ್ಲಿ ಏನೋ ಚುಚ್ಚಿದ ಹಾಗಾಗುತ್ತಿತ್ತು. ಹುಳಿಯಲ್ಲಿ ಖಾರ ಜಾಸ್ತಿ ಅಂದುಕೊಂಡರು.

ನಾಲ್ಕು ಗಂಟೆಗೆ ಬಸ್ಸು ಬಂತು. ವಿಷಯ ತಿಳಿಯುವ ಅವಸರಕ್ಕೆ ಜಾನಕಮ್ಮ ಆಗಲೇ ಬಂದು ಜಗಲಿಯಲ್ಲಿ ಕೂತಿದ್ದರು. ಆಂಡಾಳ್ ಬಸ್ಸಿನಿಂದ ಕುಪ್ಪಳಿಸಿ ಇಳಿದು, ದೊಡ್ಡಬೈರಪ್ಪನಿಗೆ ಟಾಟಾ ಮಾಡಿ, ಕುಣಿಯುತ್ತಾ ಒಳಗೆ ಬಂದಳು. ವೇದವಲ್ಲಿ ಬಾಚಿ ತಬ್ಬಿಕೊಂಡಳು.

"ಹೆದರ್ಕೋಬೇಡ ಕಂದ, ನಾಳೆಯಿಂದ ಬಸ್ಸಿಲ್ಲ. ತಾತನ ಜೊತೆ ನಡ್ಕೊಂಡೇ ಹೋಗೋವಂತೆ, ಆಯ್ತಾ?"

ಮಗುವಿನ ಮುಖದ ಮೇಲಿದ್ದ ನಗು ಹಾಗೇ ಇಳಿದುಹೋಯಿತು. ಚೀಲ ನೆಲಕ್ಕೆ ಎಸೆದು, ಬೀದಿಯ ಕೊನೆವರೆಗೂ ಕೇಳಿಸುವ ಹಾಗೆ ಹೋ ಅಂತ ಅಳು ತೆಗೆಯಿತು.

"ಯಾಕೆ? ನಾನೇನು ಮಾಡಿದೆ?"

"ಬೆಳಗ್ಗೆ ಅಷ್ಟೊಂದು ಅತ್ತೆಯಂತಲ್ಲೇ."

"ನಾನು ಅಳಲಿಲ್ಲ! ತಾತ ಅತ್ತಿದ್ದು! ಗೇಟ್ ಹತ್ರ ನಿಂತ್ಕೊಂಡು ತಾತಾನೇ ಅತ್ತಿದ್ದು!"

ಜಾನಕಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಸಂಜೆ ದೀಪ ಹಚ್ಚುವಷ್ಟರಲ್ಲಿ ಮಲ್ಲೇಶ್ವರದ ಅರ್ಧ ಭಾಗಕ್ಕೆ ಗೊತ್ತಾಗುವುದು ಖಾತ್ರಿ. ವೇದವಲ್ಲಿ ಒಂದೇ ಒಂದು ಸಲ ಮಾವನ ಕಡೆ ನೋಡಿ, ತಲೆ ತಗ್ಗಿಸಿ, ಸೆರಗು ಕಣ್ಣಿಗೆ ಒತ್ತಿಕೊಂಡಳು. ಅವಳು ಬೈದಿದ್ದರೆ ಅಯ್ಯಂಗಾರರಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಬಸ್ಸಲ್ಲೇ ಹೋಗಲಿ," ಅಂದರು.

"ಆತುರ ಏನಿಲ್ಲ ಮಾವ. ಇವರೂ ಬರಲಿ. ನೀವೂ ನಿಧಾನವಾಗಿ ಯೋಚ್ನೆ ಮಾಡಿ..."

"ಯೋಚ್ನೆ ಗೀಚ್ನೆ ಏನೂ ಬೇಡ ವೇದಾ. ಮಗು ಬಸ್ಸಲ್ಲೇ ಹೋಗುತ್ತೆ. ನಾನು ಹೇಳ್ತಿದೀನಿ."

ಆಂಡಾಳ್ ಅಳು ನಿಲ್ಲಿಸಿದಳು. ಕೆನ್ನೆ ಒರೆಸಿಕೊಳ್ಳುತ್ತಾ, ಬಿಕ್ಕುತ್ತಾ, ಈಸಿಚೇರಿನ ಹತ್ತಿರ ಬಂದು ತಾತನ ಮುಖವನ್ನೇ ನೋಡಿದಳು. ದೊಡ್ಡವರ ಮಾತನ್ನು ಪೂರ್ತಿ ನಂಬುವ ಹಾಗೆ ಕಾಣಲಿಲ್ಲ.

"ನಿಜವಾಗ್ಲೂ?"

"ನಿಜವಾಗ್ಲೂ."

"ನೀನು ಸ್ಕೂಲ್ ಹತ್ರ ಬರಲ್ಲ ತಾನೇ?"

"ಇಲ್ಲಮ್ಮ, ಬರಲ್ಲ."

"ಸದ್ಯ!" ಅಂದಳು ಆಂಡಾಳ್. ಆಮೇಲೆ, ಯಾವುದಕ್ಕೂ ಇರಲಿ ಅಂತ, ತನ್ನ ಪುಟ್ಟ ಕೈ ಚಾಚಿ, "ಭಾಷೆ ಕೊಡು," ಅಂದಳು.

ಅಯ್ಯಂಗಾರರು ಆ ಕೈಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಕೈಯನ್ನು ಅದರ ಮೇಲಿಟ್ಟು ಭಾಷೆ ಕೊಟ್ಟರು.