ಹೋಗುವ ಮೊದಲೇ ಮುಚ್ಚಿದ ಸಾಕೆಟ್

ಆ ಸೈಬರ್ ಕೆಫೆಯ ಮಾಲೀಕರನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಬೆಂಗಳೂರಿನ ಬಿಟಿಎಂ ಲೇಔಟ್ ರಾಗಿ ಹೊಲವಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ ಅವರದು. ಕೆಳಗೆ ಕೆಫೆ, ಮೇಲೆ ಬಾಡಿಗೆ ಮನೆ. ಯಡಿಯೂರಿನಿಂದ ಬಂದು ನಾನೂ ಅಕ್ಕನೂ ಆ ಮನೆಯಲ್ಲಿದ್ದೆವು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬರದು. ಫೋನು ಇದ್ದೇನು ಪ್ರಯೋಜನ? ಚಾಟ್ ಬಂದ ಮೇಲೆಯೇ ಅವಳು ದೂರದವರ ಜೊತೆ ಹರಟಿದ್ದು. ಹಾಗೆ ಪರಿಚಯವಾದವನು ದಾವಣಗೆರೆಯ ಹುಡುಗ. ಅವನಿಗೂ ಕಿವಿ ಕೇಳಿಸದು. ಮದುವೆಯ ಮಾತು ಬಂತು. ಭಾನುವಾರದೊಳಗೆ ಅಕ್ಕನ ಉತ್ತರ ಬರದಿದ್ದರೆ ಬೇರೆ ಹುಡುಗಿಯನ್ನು ಗೊತ್ತು ಮಾಡುತ್ತೇವೆ ಎಂದು ಅವನ ಮನೆಯವರು ಹೇಳಿದ್ದರು.

ಅಕ್ಕ ಚಾಟ್ ಮಾಡುತ್ತಿದ್ದ ಕೆಫೆಯ ಕಂಪ್ಯೂಟರಿನಲ್ಲಿ, ಚಾಟ್ ಪ್ರೋಗ್ರಾಮಿಗೆಂದು ನಾನೊಂದು ಸ್ಕ್ರಿಪ್ಟ್, ಅಂದರೆ ಕೆಲವೇ ಸಾಲಿನ ಪುಟ್ಟ ಪ್ರೋಗ್ರಾಮು, ಬರೆದಿಟ್ಟಿದ್ದೆ. ಅಕ್ಕ ನಿಧಾನವಾಗಿ ಟೈಪ್ ಮಾಡಿಟ್ಟ ಉದ್ದನೆಯ ಕಾಗದವನ್ನು ಅದು ಸಾಕೆಟ್ ತೆರೆದು, ಅಂದರೆ ಅವನ ಕಂಪ್ಯೂಟರಿಗೆ ನೇರ ಸಂಪರ್ಕ ಮಾಡಿಕೊಂಡು, ಕಳಿಸುತ್ತಿತ್ತು. ಕಳಿಸು ಎಂದೊಡನೆ ಎಲ್ಲವೂ ಹೋಗಿಬಿಡುವುದಿಲ್ಲ. ಸರದಿಯಲ್ಲಿ ನಿಂತು ತುಂಡು ತುಂಡಾಗಿ ಹೊರಡುತ್ತದೆ. ಸರದಿ ಖಾಲಿಯಾದ ಮೇಲಷ್ಟೇ ಸಾಕೆಟ್ ಮುಚ್ಚುವಂತೆ ಬರೆದಿದ್ದೆ.

ಶುಕ್ರವಾರ ಅಕ್ಕ ತನ್ನ ಒಪ್ಪಿಗೆ ಬರೆದು ಕಳಿಸಿದಳು. ಹೋಗಿದೆ ಎಂದು ಪರದೆಯ ಮೇಲೆ ಬಂತು. ಸೋಮವಾರ ಅವನ ಸಂದೇಶ: "ಉತ್ತರ ಬರಲಿಲ್ಲ. ನಿನಗೆ ಇಷ್ಟವಿಲ್ಲ ಅಂದುಕೊಂಡೆ. ನಿನ್ನೆ ನಿಶ್ಚಿತಾರ್ಥ ಆಯಿತು."

ಸ್ಕ್ರಿಪ್ಟ್ ತೆಗೆದು ನೋಡಿದೆ. ಕಳಿಸುವ ಸಾಲಿನ ಕೆಳಗೇ ಮುಚ್ಚುವ ಸಾಲು! ನಡುವೆ ಸರದಿ ಖಾಲಿಯಾಗುವವರೆಗೆ ಕಾಯಲು ನಾನು ಬರೆದಿದ್ದ ಸಾಲೇ ಇಲ್ಲ.

"ಅಂಕಲ್, ಇದನ್ನ ಯಾರು ಮುಟ್ಟಿದ್ದು?" ಎಂದು ಮಾಲೀಕರನ್ನು ಕೇಳಿದೆ.

"ನಾನೇ ಕಣಮ್ಮ. ನಾನೂ ಕಂಪ್ಯೂಟರ್ ಕೋರ್ಸ್ ಮಾಡಿದ್ದೀನಲ್ಲ. ಕಳಿಸಿದ್ ಮೇಲೆ ಯಾಕೆ ಓಪನ್ ಇರ್ಬೇಕು? ನಲ್ಲಿ ಹಾಗೇ ಬಿಟ್ಟು ಹೋಗ್ತಾರಾ?"

"ಬಿಂದಿಗೆ ತುಂಬೋ ಮುಂಚೆ ನಿಲ್ಲಿಸ್ತಾರಾ? ಕಾಗದ ಹೋಗ್ಲೇ ಇಲ್ಲ ಅಂಕಲ್! ಅಕ್ಕನ ಮದುವೆ ತಪ್ಪೋಯ್ತು!"

"ಅಯ್ಯೋ, ಒಂದ್ ಮೆಸೇಜ್ ತಾನೇ? ಇನ್ನೊಂದ್ಸಲ ಕಳಿಸಿದ್ರಾಯ್ತು ಬಿಡು."

ಒಂದು ಮೆಸೇಜ್ ತಾನೇ, ಅಂತೆ! ಎಂಥಾ ಮನುಷ್ಯ! ಕೀಬೋರ್ಡು ಎತ್ತಿ ಕುಕ್ಕಬೇಕೆನಿಸಿತು. ಹಿರಿಯರು ಎಂದೂ ನೋಡದೆ ಬಾಯಿಗೆ ಬಂದಂತೆ ಬೈದೆ. ಬೈದಿದ್ದು ಸಾಲದು ಎಂದು ಈಗಲೂ ಅನಿಸುತ್ತದೆ.

ಬದಿಯಲ್ಲಿ ನಿಂತು ನಮ್ಮ ತುಟಿಗಳನ್ನೇ ನೋಡುತ್ತಿದ್ದ ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಕುಳಿತಳು. ಅವರಿಗೆ ಕಾಣುವಂತೆ ಟೈಪ್ ಮಾಡತೊಡಗಿದಳು: "ಅಂಕಲ್, ನಾನು ಹೂಂ ಅಂದಿದ್ದೆ. ನಾನು ಅವನಿಗೆ"

ಅವರು ಕೈಚಾಚಿ ಕಂಪ್ಯೂಟರಿನ ಸ್ವಿಚ್ ಆರಿಸಿಬಿಟ್ಟರು.