ಭುವನೇಶ್ವರಿ ಒಬ್ಬಳೇ ಕೂರಿಸಿದ ಸೆಟ್ಟು

ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನಿಂದ ನಾಲ್ಕು ಅಂಗಡಿ ದಾಟಿದರೆ, ಮಾಗಡಿ ರಸ್ತೆಗೆ ಮುಖಮಾಡಿಕೊಂಡು ಮೋಹನ್ ಕುಮಾರರ ಅಂಗಡಿ ಇದೆ. ಕಾರಿಗೆ ಬೇಕಾದ ಸೀಟ್ ಕವರು, ಮ್ಯಾಟು, ಸ್ಪೀಕರು, ಸ್ಟೀರಿಯೋ ಎಲ್ಲವನ್ನೂ ಅಲ್ಲಿ ಹಾಕಿಕೊಡುತ್ತಾರೆ. ಭುವನೇಶ್ವರಿ ಅಲ್ಲಿಗೆ ಸೇರಿದ್ದು ಸೀಟ್ ಕವರ್ ಹೊಲಿಯಲು. ಕುಷ್ಟಗಿ ಕಡೆಯ ಹಳ್ಳಿಯಿಂದ ಗಂಡ ವೀರೇಶನ ಜೊತೆ ಬೆಂಗಳೂರಿಗೆ ಬಂದವಳು, ಒಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಬರೀ ಶರ್ಟಿನ ಕಾಲರು ಹೊಲಿದಿದ್ದಳು. ವೀರೇಶ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಾನೆ. ಗಾರ್ಮೆಂಟ್ಸು ಊರಾಚೆಗೆ ಹೋದಾಗ, ಮನೆಗೆ ಹತ್ತಿರವಿದೆಯೆಂದು ಅವಳು ಈ ಅಂಗಡಿಗೆ ಬಂದಳು.

ಸೂಜಿ ಹಿಡಿದವಳು ಸ್ಕ್ರೂ ಡ್ರೈವರ್ ಹಿಡಿದದ್ದು ಒಂದು ಪಿನ್ನಿನಿಂದ. ಅವತ್ತು ಮೋಹನ್ ಕುಮಾರರು ಒಂದು ಕಾರಿನ ಬಾಗಿಲಿಗೆ ಸ್ಪೀಕರ್ ವೈರು ಎಳೆಯಲು ಒದ್ದಾಡುತ್ತಿದ್ದರು. ಬಾಗಿಲಿಗೂ ಕಾರಿಗೂ ನಡುವೆ ಒಂದು ರಬ್ಬರಿನ ಕೊಳವೆ ಇರುತ್ತದೆ. ವೈರು ಅದರೊಳಗಿಂದಲೇ ಹೋಗಬೇಕು. ಎಷ್ಟು ತಳ್ಳಿದರೂ ಅರ್ಧಕ್ಕೇ ಮಡಚಿಕೊಳ್ಳುತ್ತಿತ್ತು. ಮಿಷನ್ನಿನ ಮುಂದೆ ಕೂತು ನೋಡುತ್ತಿದ್ದ ಭುವನೇಶ್ವರಿ ಎದ್ದು ಬಂದಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ವೈರಿನ ತುದಿಗೆ ಟೇಪು ಸುತ್ತಿ ಕಟ್ಟಿದಳು. ಲಂಗಕ್ಕೆ ಲಾಡಿ ಹಾಕುವಂತೆ, ಹೊರಗಿನಿಂದಲೇ ರಬ್ಬರನ್ನು ನೆರಿಗೆ ಮಾಡುತ್ತ, ಪಿನ್ನನ್ನು ಬೆರಳಲ್ಲೇ ಹುಡುಕುತ್ತ ಮುಂದೆ ಮುಂದೆ ತಳ್ಳಿದಳು. ನಿಮಿಷದಲ್ಲಿ ವೈರು ಆಚೆ ಬಂತು.

"ಎಲ್ಲಿ ಕಲ್ತೆಯಮ್ಮ ಇದನ್ನ?"

"ಲಾಡಿ ಹಾಕೂದು ಯಾರರ ಕಲಿಸ್ತಾರೇನ್ರಿ ಸರ?"

ಆಮೇಲೆ ಅವಳು ನೋಡಿ ನೋಡಿಯೇ ಕಲಿತಳು. ಹಳದಿ ವೈರಿನಲ್ಲಿ ಯಾವಾಗಲೂ ಕರೆಂಟು, ಕೆಂಪಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥಿಂಗು. ಮಗಳ ಹಳೆಯ ನೋಟ್ ಬುಕ್ಕಿನಲ್ಲಿ ಕ್ರೇಯಾನಿನಿಂದ ಗೆರೆ ಎಳೆದು ಇಟ್ಟುಕೊಂಡಳು. ಎರಡು ವರ್ಷದಲ್ಲಿ ಅವಳ ಕೈಯಲ್ಲಿ ಹಾದುಹೋದ ಸ್ಟೀರಿಯೋ ಸೆಟ್ಟುಗಳು ಇಷ್ಟೇ ಎಂದು ಹೇಳುವಂತಿರಲಿಲ್ಲ. ಆದರೂ ಪಕ್ಕದಲ್ಲಿ ಟಾರ್ಚು ಹಿಡಿದು ಮೋಹನ್ ಕುಮಾರರು ಇದ್ದೇ ಇರುತ್ತಿದ್ದರು. ಹೆಂಗಸು ಸ್ಕ್ರೂ ಡ್ರೈವರ್ ಹಿಡಿದು ಕಾರಿನೊಳಗೆ ತಲೆ ಹಾಕಿದರೆ ಗಿರಾಕಿಗಳ ಮುಖ ಬಾಡುತ್ತದೆ ಎಂಬುದು ಅವರ ಅಳುಕು.

ಕಳೆದ ಸೋಮವಾರ ಅವರೇ ಮಾತು ತೆಗೆದರು. "ನಾಳೆ ಕೆಂಗೇರೀಲಿ ನಮ್ಮ ಷಡ್ಡಕನ ಗೃಹಪ್ರವೇಶ. ಹೆಗ್ಗನಹಳ್ಳಿ ಗೋಪೀನಾಥ ಅಂತ ಒಬ್ಬ ಬರ್ತಾನೆ, ಟ್ಯಾಕ್ಸಿ. ನೀನೊಬ್ಳೇ ಕೂರ್ಸು. ಚೆನ್ನಾಗಿ ಬಂತೋ, ಇನ್ಮೇಲೆ ಸೆಟ್ ಕೆಲ್ಸ ಪೂರ್ತಿ ನಿಂದು. ಏನಾದ್ರೂ ಎಡವಟ್ಟಾಯ್ತೋ, ವಾಪಸ್ ಹೊಲಿಗೆ ಮಿಷನ್ನು. ಸರೀನಾ?"

"ಸರಿ ರೀ," ಎಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಹೆಜ್ಜೆ ನೆಲದ ಮೇಲೆ ನಿಲ್ಲಲಿಲ್ಲ.

ಗೋಪೀನಾಥ ಹೇಳಿದ ಹೊತ್ತಿಗೇ ಬಂದ. ಇಳಿದವನೇ ಅಂಗಡಿಯೊಳಗೆಲ್ಲ ಕಣ್ಣಾಡಿಸಿದ.

"ಸಾರ್ ಇಲ್ವಾ?"

"ಇಲ್ರಿ."

"ಮತ್ತೆ ಯಾರು ಕೂರ್ಸೋದು?"

"ನಾನ."

ಅವನು ತನ್ನ ಕಾರನ್ನೇ ಒಂದು ಸುತ್ತು ಹಾಕಿ ಬಂದ. "ಬೇಜಾರ್ ಮಾಡ್ಕೋಬೇಡಿ ಅಕ್ಕ. ನಂಗೆ ಹಾಡು ಗೀಡು ಮುಖ್ಯ ಅಲ್ಲ. ಪ್ಯಾಸೆಂಜರ್ ಫೋನ್ ಮಾಡಿದ್ರೆ ಸ್ಟೇರಿಂಗ್ ಬಿಡ್ದಂಗೆ ಮಾತಾಡ್ಬೇಕು, ಅಷ್ಟೇ. ಕೈಯಲ್ಲಿ ಫೋನ್ ಹಿಡ್ದು ಒಂದ್ಸಲ ಪೊಲೀಸ್ರ ಕೈಗೆ ಸಿಕ್ಕಿದೀನಿ. ಇದು ನನ್ ಹೊಟ್ಟೆಪಾಡು."

"ಬೇಜಾರ್ ಯಾಕ್ರಿ ಅಣ್ಣಾರ? ನನ್ನದೂ ಇದ ಹೊಟ್ಟಿಪಾಡು. ಕೀಲಿ ಕೊಡ್ರಿ."

ಎರಡು ಗಂಟೆ ಅವಳು ತಲೆ ಎತ್ತಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಯ ಮುಚ್ಚಳದಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಳು. ಕಾರಿನ ಒಂದು ವೈರನ್ನೂ ಕತ್ತರಿಸದೆ, ವೈರಿನ ತುದಿಯ ಕಪ್ಲರಿಗೆ ಕಪ್ಲರ್ ಸೇರಿಸಿದಳು. ಬಾಗಿಲ ಬಳಿ ನಿಂತು ಇಣುಕಿ ಇಣುಕಿ ನೋಡುತ್ತಿದ್ದ ಗೋಪೀನಾಥ ಕೊನೆಗೆ ಹೋಗಿ ಎರಡು ಟೀ ತಂದ. ಸೆಟ್ಟು ಕೂತಿತು. ಹಾಡು ಬಂತು. ಅವನು ಹೆಂಡತಿಗೆ ಫೋನು ಹಚ್ಚಿದ. "ಪಕ್ಕದಲ್ಲೇ ಕೂತ್ಕೊಂಡು ಮಾತಾಡ್ದಂಗಿದೆ ಕಣ್ರೀ," ಎಂಬ ಹೆಂಡತಿಯ ದನಿ ಇಡೀ ಕಾರಿನಲ್ಲಿ ತುಂಬಿತು.

ಆಮೇಲೆ ಭುವನೇಶ್ವರಿ ಕೈ ತೊಳೆದುಕೊಂಡು ಬಂದಳು. ಅಂಗಡಿಯ ದೇವರ ಪಟದ ಮುಂದಿದ್ದ ಬಟ್ಟಲಿನಿಂದ ಗಂಧ ತೆಗೆದುಕೊಂಡಳು. ಕೆಲಸ ಮುಗಿಯಿತು ಎನ್ನಬೇಕಾದರೆ ಅವಳಿಗೆ ಅದೊಂದು ಆಗಲೇಬೇಕು. ಯಾವುದೇ ಹೊಸ ವಸ್ತುವಿಗೆ ಒಂದು ಬೊಟ್ಟು, ಒಂದು ಕೈಮುಗಿತ. ಹೋದ ತಿಂಗಳಿಂದ ಬರುತ್ತಿದ್ದ ಹೊಸ ಬಗೆಯ ಈ ಸೆಟ್ಟಿನ ಮುಖವೆಲ್ಲ ಬರೀ ಗಾಜು. ಎಡಗಡೆಯ ಕೆಳ ಅಂಚಿನಲ್ಲಿ ಮಾತ್ರ ಬೆರಳ ತುದಿಯಷ್ಟು ಖಾಲಿ ಜಾಗವಿತ್ತು. ಅಲ್ಲಿ ಗಂಧ ಇಟ್ಟು, ಮೇಲೆ ಕುಂಕುಮ ಇಟ್ಟಳು. ಗೋಪೀನಾಥನೂ ಚಪ್ಪಲಿ ಬಿಟ್ಟು ಕೈ ಮುಗಿದ.

ಮರುದಿನ ಹನ್ನೊಂದು ಗಂಟೆಗೆ ಅಂಗಡಿಯ ಮುಂದೆ ಒಂದೇ ಸಮನೆ ಹಾರ್ನು.

"ಸಾರ್, ಏನ್ ಸಾರ್ ಇದು!" ಗೋಪೀನಾಥ ಇಳಿಯುವ ಮೊದಲೇ ಶುರುಮಾಡಿದ್ದ. "ಪ್ಯಾಸೆಂಜರ್ ಮಾತು ನಂಗೆ ಕೇಳುತ್ತೆ, ನನ್ ಮಾತು ಅವ್ರಿಗೆ ಕೇಳಲ್ಲ. ನಾನಿಲ್ಲಿ ಗಂಟ್ಲು ಹರ್ಕೋತಾ ಇದೀನಿ, ಅವ್ರು ಅಲ್ಲಿ ಹಲೋ ಹಲೋ ಅಂತಾವ್ರೆ. ಬೆಳಗ್ಗಿಂದ ಮೂರು ಟ್ರಿಪ್ ಕ್ಯಾನ್ಸಲ್. ಯಾರೋ ಒಬ್ರು ಆಂಟಿ, ಡ್ರೈವರು ಫೋನೆತ್ತಿ ಮೌನವ್ರತ ಮಾಡ್ತಾನೆ ಅಂತ ಕಂಪ್ಲೇಂಟ್ ಬರ್ದವ್ರೆ!"

ಮೋಹನ್ ಕುಮಾರರು ಭುವನೇಶ್ವರಿಯ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅವಳು ಸೆಟ್ಟು ಬಿಚ್ಚಿದಳು. ಅವರು ಟಾರ್ಚು ಹಿಡಿದು ಒಂದೊಂದೇ ಜೋಡಣೆಯನ್ನು ಎಳೆದು ನೋಡಿದರು. ಮತ್ತೆ ಮೊದಲಿಂದ ನೋಡಿದರು. ಅರ್ಧ ಗಂಟೆಯಾದ ಮೇಲೆ ಬೆನ್ನು ನೆಟ್ಟಗೆ ಮಾಡಿ, "ಕೆಲ್ಸದಲ್ಲಿ ಏನೂ ತಪ್ಪಿಲ್ಲ. ಸೆಟ್ಟೇ ಸರಿ ಇಲ್ಲ. ಹೋದ ತಿಂಗ್ಳು ನಾನು ಕೂರ್ಸಿದ್ ಎರಡೂ ಹಿಂಗೇ ವಾಪಸ್ ಬಂತಲ್ಲ. ಡಬ್ಬಕ್ಕೆ ಹಾಕಮ್ಮ, ಡೀಲರ್‌ಗೆ ಕಳ್ಸೋಣ," ಎಂದರು.

ಭುವನೇಶ್ವರಿಗೆ ಹೋದ ಉಸಿರು ಬಂದಂತಾಯಿತು. ಸೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಡಬ್ಬದ ಮುಚ್ಚಳ ತೆರೆದಳು. ಅಷ್ಟರಲ್ಲಿ ಬೀದಿಯ ಬಿಸಿಲು ಸೆಟ್ಟಿನ ಎಡ ಅಂಚಿನ ಮೇಲೆ ಬಿತ್ತು. ಒಣಗಿದ ಬೊಟ್ಟಿನ ಪಕ್ಕದಲ್ಲಿ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳು. ಕೂಡಿಸಿ ಓದಿದಳು: ಮೈಕ್. ಬೊಟ್ಟಿನ ಅಂಚನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ಸೂಜಿ ಮೊನೆಯಷ್ಟು ತೂತು. ಅದರ ತುಂಬ ಗಟ್ಟಿಯಾದ ಗಂಧ.

ಮುಚ್ಚಳ ಹಾಕಿಬಿಟ್ಟರೆ ಮುಗಿಯಿತು. ಡಬ್ಬ ಹೋಗುತ್ತದೆ, ಬೇರೆ ಸೆಟ್ಟು ಬರುತ್ತದೆ. ಕೆಲಸ ತಪ್ಪಿಲ್ಲ ಎಂದು ಅವರೇ ಬಾಯಿಬಿಟ್ಟು ಹೇಳಿಯೂ ಆಗಿದೆ. ಅವಳು ಮುಚ್ಚಳವನ್ನು ಅರ್ಧ ಮುಚ್ಚಿ, ಮತ್ತೆ ತೆರೆದಳು. ಗಂಧ ಇಟ್ಟ ಕೈಯಿಂದಲೇ ಸುಳ್ಳನ್ನು ಮುಚ್ಚಿಡುವುದು ಅವಳಿಂದ ಆಗಲಿಲ್ಲ.

"ಸರ, ಸೆಟ್ಟು ಸರಿ ಐತ್ರಿ. ತಪ್ಪು ನಂದು. ಮಾತಾಡೂ ತೂತಿನ ಮ್ಯಾಲ ಬೊಟ್ಟು ಇಟ್ಟೀನ್ರಿ."

ಗೋಪೀನಾಥ ಬಗ್ಗಿ ನೋಡಿದ. "ಅಂದ್ರೆ ಬೆಳಗ್ಗಿಂದ ನನ್ ಬಾಯಿಗೆ ಬೀಗ ಹಾಕಿದ್ದು ದೇವ್ರಾ?"

"ದೇವ್ರಲ್ರಿ. ನಾನ."

ಮೋಹನ್ ಕುಮಾರರ ಮುಖದಲ್ಲಿ ಬೇರೆಯೇ ಒಂದು ಯೋಚನೆ ಹರಿದಾಡುತ್ತಿತ್ತು. "ಹೋದ ತಿಂಗ್ಳ ಎರಡಕ್ಕೂ ಇಟ್ಟಿದ್ಯಾ?"

"ಎಲ್ಲಾಕ್ಕೂ ಇಡ್ತೀನ್ರಿ. ಎಲ್ಲಿ ಖಾಲಿ ಇರ್ತೈತಿ ಅಲ್ಲಿ."

"ಅಯ್ಯೋ ನನ್ ತಾಯಿ!" ಅವರು ಹಣೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದರು. "ಡಬ್ಬಾ ಸೆಟ್ ಕೊಡ್ತೀಯಾ ಅಂತ ಆ ಡೀಲರ್‌ನ ಬೀದಿಗೆಲ್ಲಾ ಕೇಳೋ ಹಂಗೆ ಬೈದಿದ್ನಲ್ಲಮ್ಮಾ!" ಗೋಪೀನಾಥ ನಗು ತಡೆಯಲಾರದೆ ಕಾರಿಗೆ ಒರಗಿದ. ಕೊನೆಗೆ ಅವರಿಗೂ ನಗು ಬಂತು. ಭುವನೇಶ್ವರಿ ಮಾತ್ರ ನಗಲಿಲ್ಲ.

ಹತ್ತಿಯ ದಾರವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೂತಿನ ಬಾಯಿಗೆ ಮುಟ್ಟಿಸಿದಳು. ಗಂಧ ನೆನೆದ ಮೇಲೆ, ಸಣ್ಣ ಸೂಜಿಯಿಂದ ಪುಡಿಪುಡಿಯಾಗಿ ಮೇಲಕ್ಕೆ ಎಬ್ಬಿಸಿದಳು. ತಪ್ಪು ಹೊಲಿಗೆಯನ್ನು ಬಟ್ಟೆ ಹರಿಯದಂತೆ ಬಿಚ್ಚುವ ಕೈ ಅದು, ಒಳಗಿನ ನವಿರು ಪೊರೆಗೆ ಮೊನೆ ತಾಕಲಿಲ್ಲ. ಸೆಟ್ಟು ಮತ್ತೆ ಕೂತಿತು.

ಗೋಪೀನಾಥ ತನ್ನ ಫೋನನ್ನು ಕಾರಿನಲ್ಲೇ ಬಿಟ್ಟು, ಮೋಹನ್ ಕುಮಾರರ ಫೋನು ಹಿಡಿದು ರಸ್ತೆ ದಾಟಿದ. ಆ ಕಡೆಯ ಬೇಕರಿಯ ಮುಂದೆ ನಿಂತು ಫೋನು ಮಾಡಿದ. ಭುವನೇಶ್ವರಿ ಕಾರಿನ ಬಾಗಿಲು ಹಾಕಿಕೊಂಡು ಗುಂಡಿ ಒತ್ತಿದಳು.

"ಹಲೋ... ಕೇಳಸಾಕತ್ತೈತೇನ್ರಿ?"

ನಡುವೆ ಬಸ್ಸು ಬಂದು ಅವನನ್ನು ಮರೆಮಾಡಿತು. ಅದು ಸರಿದಾಗ ಅವನು ಕೈ ಎತ್ತಿ ಬೀಸುತ್ತಿದ್ದ. "ಕೇಳ್ತಾ ಇದೆ ಅಕ್ಕ! ಇನ್ನೊಂಚೂರು ಮಾತಾಡಿ!"

"ಏನ್ ಮಾತಾಡ್ಲಿ?"

"ಏನಾದ್ರೂ!"

ಅವಳು ಒಮ್ಮೆ ಗಂಟಲು ಸರಿಮಾಡಿಕೊಂಡಳು. "ನಾನು ಭುವನೇಶ್ವರಿ. ಈ ಸೆಟ್ಟು ಕೂರಿಸಿದಾಕಿ ನಾನ."

ಬೇಕರಿಯ ಮುಂದೆ ಬನ್ನು ತಿನ್ನುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಗೋಪೀನಾಥ ಶಿಳ್ಳೆ ಹಾಕಿದ. ಹೊರಡುವಾಗ, "ಬೊಟ್ಟು ಬಿಡಬೇಡಿ ಅಕ್ಕ, ಸ್ಟೇರಿಂಗ್ ಮೇಲೆ ಇಟ್ಬಿಡಿ," ಎಂದು ಕೇಳಿ ಇಡಿಸಿಕೊಂಡು ಹೋದ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಭುವನೇಶ್ವರಿ ಹೊಲಿಗೆ ಮಿಷನ್ನಿನ ಕಡೆ ನಡೆದಳು.

"ಎಲ್ಲಿಗಮ್ಮ?"

"ಎಡವಟ್ಟಾತಲ್ರಿ ಸರ. ನೀವ ಹೇಳಿದ್ರಿ."

"ಹೇಳಿದ್ದೆ." ಮೋಹನ್ ಕುಮಾರರು ಕನ್ನಡಕ ಒರೆಸಿಕೊಂಡರು. "ಅರ್ಧ ಗಂಟೆ ಹುಡುಕಿದ್ರೂ ನಿನ್ ಕೆಲ್ಸದಲ್ಲಿ ನಂಗೊಂದು ತಪ್ಪು ಸಿಗ್ಲಿಲ್ಲ. ಇದ್ದ ಒಂದು ತಪ್ಪನ್ನ ನೀನೇ ಹುಡುಕ್ದೆ, ನೀನೇ ಹೇಳ್ದೆ. ನಾನಾಗಿದ್ರೆ ಡಬ್ಬ ಮುಚ್ಚಿರ್ತಿದ್ದೆ. ಸುಮ್ನೆ ಬಾ ಇಲ್ಲಿ."

ಅವರು ಡೀಲರಿಗೆ ಫೋನು ಹಚ್ಚಿ, ದನಿ ತಗ್ಗಿಸಿ, "ಗುರುಗಳೇ, ಒಂದು ವಿಷ್ಯ..." ಎಂದು ರಾಗ ಎಳೆಯುತ್ತಿರುವಾಗ ಬಸವೇಶ್ವರನಗರದ ಕಡೆಯ ದಂಪತಿ ಹೊಸ ಕಾರಿನಲ್ಲಿ ಬಂದು ನಿಂತರು. ಗಂಡ ಇಳಿದು ಕೌಂಟರಿನ ಮುಂದೆ ಬಂದ. "ಸ್ಟೀರಿಯೋ ಹಾಕಿಸ್ಬೇಕಿತ್ತು ಸಾರ್."

ಮೋಹನ್ ಕುಮಾರರು ಕುರ್ಚಿಯಿಂದ ಏಳಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು, "ಸೆಟ್ ವಿಷ್ಯ ಎಲ್ಲಾ ಮೇಡಂ ನೋಡ್ಕೋತಾರೆ. ಅವ್ರನ್ನ ಕೇಳಿ," ಎಂದರು.

ಆತ ತಿರುಗಿ ನೋಡಿದ. ಕಾರಿನಲ್ಲಿ ಕೂತಿದ್ದ ಹೆಂಡತಿಯೂ ಗಾಜು ಇಳಿಸಿದಳು. ಭುವನೇಶ್ವರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಹತ್ತಿರ ಹೋದಳು.

"ಗಾಡಿ ನೆಳ್ಳಿಗೆ ತಗೊಳ್ರಿ," ಎಂದಳು. "ಎರಡು ತಾಸು ಹಿಡಿತೈತಿ."