ಕಣಜದ ಒಳಮೈ

ಬೀದರಿಗೆ ಬಂದ ಮೊದಲ ದಿನ ಕಾಲು ತೊಳೆದಾಗ ಬಚ್ಚಲಲ್ಲಿ ಕೆಂಪು ನೀರು ಹರಿಯಿತು. ಎಲ್ಲೋ ಗಾಯವಾಗಿದೆ ಎಂದು ಬೆದರಿ, ಗೋಡೆ ಹಿಡಿದು ಎರಡೂ ಹಿಮ್ಮಡಿ ತಿರುಗಿಸಿ ನೋಡಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಮನೆ ಮಾಲಕಿ ಖಾಲಾ ನಕ್ಕರು.

“ಮಿಟ್ಟಿ ಅದ ಬೇಟಿ, ಮಣ್ಣು. ಬೀದರ್ದು ಹಿಂಗೇ. ಕೆಂಪ ಮಣ್ಣ ನೋಡೇ ಇಲ್ಲೇನು?”

ನೋಡಿರಲಿಲ್ಲ. ಔರಾದ ತಾಲೂಕಿನ ನಮ್ಮೂರಿನದು ಕರಿ ಮಣ್ಣು. ಮಳೆಗಾಲದಲ್ಲಿ ಚಪ್ಪಲಿ ಕಿತ್ತು ಇಟ್ಟುಕೊಳ್ಳುತ್ತದೆ. ಇಲ್ಲಿಯದು ಕಾಲು ಹಿಡಿಯುವುದಿಲ್ಲ, ಆದರೆ ಸೀರೆಯ ಅಂಚಿಗೆ ಹತ್ತಿದರೆ ಹೋಗುವುದಿಲ್ಲ.

ಗಂಡನಿಗೆ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಕೈಗಾಡಿ ಎಳೆಯುವ ಕೆಲಸ ಸಿಕ್ಕಿತ್ತು. ನನಗೆ ಕೊಳಾರದ ಒಂದು ಬೇಳೆ ಕಾರ್ಖಾನೆಯಲ್ಲಿ ಪಾಕೀಟು ಕಟ್ಟುವ ಕೆಲಸ. ಖಾಲಾ ಮನೆಯ ಹಿಂದಿನ ಒಂದೇ ಕೋಣೆ ನಮ್ಮ ಬಿಡಾರ. ಅವರ ಮಾತು ತಿಳಿಯಲು ನನಗೆ ತಿಂಗಳುಗಟ್ಟಲೆ ಬೇಕಾಯಿತು. ಅವರು ‘ಪರಸೋಂ’ ಎಂದರೆ ಮೊನ್ನೆಯೂ ಆಗಬಹುದು, ಅವರ ಮದುವೆಯ ದಿನವೂ ಆಗಬಹುದು. ನಲ್ಲಿಯ ಸಾಲಿನಲ್ಲಿ ಒಬ್ಬಳು ನನ್ನ ಕೊಡ ಹಿಂದೆ ತಳ್ಳಿದಾಗ ಮೊದಲ ಬಾರಿ ಉರ್ದುವಿನಲ್ಲಿ ಜಗಳವಾಡಿದೆ. ಖಾಲಾ ಬಾಗಿಲಲ್ಲೇ ಚಪ್ಪಾಳೆ ತಟ್ಟಿದರು. ಆ ದಿನ ಊಟ ರುಚಿಸಿತು.

ಕಾರ್ಖಾನೆಯಲ್ಲಿ ಮಾತ್ರ ನನಗೆ ಹೆಸರೇ ಇರಲಿಲ್ಲ. “ಏ ಔರಾದ, ನೀ ಮಾತಾಡೂದು ಕನ್ನಡನೋ ಮರಾಠಿನೋ?” ಎಂದು ನಗುತ್ತಿದ್ದರು. ಬುತ್ತಿ ಬಿಚ್ಚುವ ಹೊತ್ತಿಗೆ ಎಲ್ಲರೂ ಫೋನು ತೆಗೆದು ತಮ್ಮವರನ್ನು ತೋರಿಸುವರು. ಒಬ್ಬಳ ಮಗಳ ಕುಣಿತ, ಇನ್ನೊಬ್ಬಳ ತಮ್ಮನ ಹೊಸ ಮನೆ. ಒಮ್ಮೆ ಒಬ್ಬಳು ಕೇಳಿದಳು, “ನಿನ್ನ ತವರ್ಮನ್ಯಾಗ ಏನದ ಔರಾದ?”

ನಾನು ಅಣ್ಣನ ವಿಷಯ ಹೇಳಿದೆ. ನನ್ನ ತಪ್ಪು ಶುರುವಾದದ್ದು ಅಲ್ಲಿ.

ನಮ್ಮ ಮನೆಯಲ್ಲಿ ತೊಗರಿ ಕಟ್ಟಿಗೆಯಿಂದ ಹೆಣೆದ ಎದೆಮಟ್ಟದ ಕಣಜವಿದೆ. ಪ್ರತಿ ವರ್ಷ ಹೊಸ ಜೋಳ ಬರುವ ಮೊದಲು ಅಣ್ಣ ವೈಜಿನಾಥ ಅದರೊಳಗೆ ಇಳಿದು, ಕರಿ ಮಣ್ಣು ಸಗಣಿ ಕಲಸಿ ಮೆತ್ತುತ್ತಾನೆ. ಎಲ್ಲರೂ ಅಷ್ಟು ಮಾಡುತ್ತಾರೆ. ಅಣ್ಣ ಮಾತ್ರ ಮತ್ತೆ ಎರಡು ದಿನ ಒಳಗೇ ಕುಳಿತು, ಸುಣ್ಣ, ಅರಿಸಿನ, ಕಾಡಿಗೆಯಿಂದ ಸುತ್ತಲೂ ಚಿತ್ರ ಬರೆಯುತ್ತಾನೆ. ಆಮೇಲೆ ಬಾಯಿಯವರೆಗೆ ಜೋಳ ತುಂಬಿಬಿಡುತ್ತಾನೆ.

ಚಿಕ್ಕವಳಿದ್ದಾಗ ನಾನು ಕೇಳಿದ್ದೆ, “ಜ್ವಾಳ ತುಂಬಿದ ಮ್ಯಾಲ ಯಾರ ನೋಡ್ತಾರಣ್ಣ?”

“ಜ್ವಾಳ ಇಳದಂಗ ನಾ ನೋಡ್ತೇನಲ್ಲ.”

ಹಾಗೆಯೇ ಆಗುತ್ತಿತ್ತು. ಯುಗಾದಿ ಕಳೆದ ಮೇಲೆ ಒಂದು ಗಿಳಿಯ ಕೊಕ್ಕು ಕಾಣುವುದು. ಪಂಚಮಿಯ ಹೊತ್ತಿಗೆ ಎತ್ತಿನ ಕೋಡು. ತಳದಲ್ಲಿ ಏನು ಬರೆದಿದ್ದೆನೆಂದು ಅವನಿಗೇ ಮರೆತಿರುತ್ತಿತ್ತು. ಜೋಳ ತೆಗೆಯಲು ಬಗ್ಗಿದವನು ಒಳಗೇ ತಲೆಯಿಟ್ಟು, “ಅರೆ, ಇದ ಬರದಿದ್ದೆನೇನು!” ಎಂದು ನಗುವುದು ಹೊರಗೆ ಕೇಳಿಸುತ್ತಿತ್ತು.

ಇಲ್ಲಿ ನಾನು ಕಟ್ಟುವ ಪಾಕೀಟುಗಳ ಮೇಲೂ ಚಿತ್ರವಿದೆ, ರುಮಾಲು ಸುತ್ತಿದ ರೈತನದು. ಆ ಚಿತ್ರ ಹೊರಗಿದೆ, ನೋಡಿದವರು ಕೊಳ್ಳಲಿ ಎಂದು.

ಅಂದು ಹೆಂಗಸರು ಬುತ್ತಿ ಬಿಟ್ಟು ನಕ್ಕರು. “ಕಣಜದೊಳಗ? ಇಲಿ ನೋಡ್ಲಿ ಅಂತೇನು?”

“ಪಂಚಮಿಗಿ ಹೋದಾಗ ಫೋಟೋ ತಂದು ತೋರಸ್ತೇನಿ ನೋಡ್ರಿ,” ಎಂದೆ.

ಆ ಪಂಚಮಿಯ ಮರುದಿನ ಅಣ್ಣ ವೈನಿ ಇಬ್ಬರೂ ಭಾಲ್ಕಿಗೆ, ವೈನಿಯ ತವರಿಗೆ ಹೋದರು. ಮನೆಯಲ್ಲಿ ನಾನೊಬ್ಬಳೇ. ಕಣಜದಲ್ಲಿ ಅರ್ಧ ಜೋಳವಿತ್ತು. ಫೋನು ಒಳಗಿಟ್ಟರೆ ಬರೀ ಕತ್ತಲು. ಬ್ಯಾಟರಿ ಹಚ್ಚಿದರೆ ಬರೀ ಬಿಳುಪು. ಕೊನೆಗೆ ಜೋಳವನ್ನೆಲ್ಲ ಚೀಲಕ್ಕೆ ಸುರಿದೆ. ಕುಡುಗೋಲು ತೆಗೆದುಕೊಂಡು ಕಣಜದ ಮಗ್ಗುಲಲ್ಲಿ ಮೊರದಷ್ಟು ಅಗಲದ ಕಿಟಕಿ ಕೊಯ್ದೆ. ಮತ್ತೆ ಮೆತ್ತಿದರಾಯಿತು ಎಂದುಕೊಂಡಿದ್ದೆ. ಬೆಳಕು ಬಿದ್ದಿತು. ಸುತ್ತಲೂ ಫೋನು ತಿರುಗಿಸಿ ಫೋಟೋ ತೆಗೆದು ಕಾರ್ಖಾನೆಯವರಿಗೆಲ್ಲ ಕಳಿಸಿದೆ. ಅವರಲ್ಲಿ ಒಬ್ಬಳು ಮೊದಲ ಸಲ ನನ್ನ ಹೆಸರು ಹಿಡಿದು ಬರೆದಳು: ಸುಮಿತ್ರಾ, ನಿಮ್ಮಣ್ಣ ಭಾರಿ ಇದ್ದಾನ.

ಅದನ್ನು ಎಷ್ಟು ಸಲ ಓದಿಕೊಂಡೆನೋ. ಕಿಟಕಿ ಮುಚ್ಚುವುದು ಮರೆತೇಹೋಯಿತು.

ಅಣ್ಣ ಬಂದವನು ಕಣಜದ ಮುಂದೆ ಕುಳಿತ. ಬೈಯಲಿಲ್ಲ. ಕಿಟಕಿಯೊಳಗೆ ಕೈ ಹಾಕಿ ತಳದ ಒಂದು ಚಿತ್ರವನ್ನು ಮುಟ್ಟಿದ.

“ದೀಪಾವಳಿಗಿ ಕಾಣೂದಿತ್ತು ಸುಮ್ಮಿ, ಇದು. ಈಗೇ ನೋಡಿಬಿಟ್ಟಂಗಾತು.”

“ಎಲ್ಲಾರೂ ಭಾಳ ಚಲೋ ಅಂದಾರಣ್ಣ.”

“ಅನ್ನಲಿ ಅಂತ ಬರದಿದ್ದೆನೇನು?”

ಆ ಚಿತ್ರಗಳು ಫೋನಿನಿಂದ ಫೋನಿಗೆ ಹಾರಿ ನಮ್ಮೂರಿಗೇ ಬಂದವು. ಜನ ಕಣಜ ನೋಡಲು ಮನೆಗೆ ಬರತೊಡಗಿದರು. ಓಣಿಯ ಹಿರಿಯನೊಬ್ಬ ಕಿಟಕಿಯಲ್ಲಿ ಇಣುಕಿ, “ಎಲ್ಲಾ ಖರೆ ವೈಜಿನಾಥ, ಎತ್ತಿನ ಕಾಲ ಸಣ್ಣ ಆಗ್ಯಾವ ನೋಡು,” ಎಂದನಂತೆ. ಅಣ್ಣ, “ಹೌದ್ರಿ,” ಎಂದು ಒಳಗೆ ಹೋದನಂತೆ. ಇದನ್ನು ವೈನಿ ಫೋನಿನಲ್ಲಿ ಹೇಳಿದಳು. ಕಾರ್ಖಾನೆಯಲ್ಲಿ ಆಗ ಎಲ್ಲರೂ ನನ್ನನ್ನು ಸುಮಿತ್ರಾ ಎಂದೇ ಕರೆಯುತ್ತಿದ್ದರು. ಕರೆದಾಗಲೆಲ್ಲ ತಲೆ ತಗ್ಗಿಸಿ ಪಾಕೀಟು ಕಟ್ಟುತ್ತಿದ್ದೆ.

ಮುಂದಿನ ಪಂಚಮಿಗೆ ಹೋದಾಗ ಕಿಟಕಿ ಮುಚ್ಚಿತ್ತು. ಬಗ್ಗಿ ನೋಡಿದೆ. ಜೋಳದಿಂದ ಮೇಲಕ್ಕೆ ಸುತ್ತಲೂ ಬರೀ ಕರಿ ಮಣ್ಣು, ಒಂದು ಗೆರೆಯೂ ಇಲ್ಲ.

“ಬರದಿಲ್ಲೇನಣ್ಣ?”

“ಕುಂಚ ಹಿಡದ್ರ ಎತ್ತಿನ ಕಾಲೇ ನೆಪ್ಪಾಗ್ತಾವ,” ಎಂದು ನಕ್ಕ. ಆ ನಗುವಿಗಿಂತ ಅವನು ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಕ್ಷಮೆ ಕೇಳಲೆಂದೇ ಹೋಗಿದ್ದೆ. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವಳು, ಆದರೆ ಅದಕ್ಕೆ ಶಾಲೆ ಬೇಕಾಗಿರಲಿಲ್ಲ. ಚಿಕ್ಕಂದಿನಿಂದ ಅವನಿಗೆ ಕೆಂಪು ಬಣ್ಣದ್ದೇ ಕೊರತೆ. ಇಟ್ಟಿಗೆ ಅರೆದು ಹಚ್ಚಿದರೆ ಉದುರುತ್ತಿತ್ತು. ಹಾಗಾಗಿ ಬೀದರಿನಿಂದ ಒಂದು ಚೀಲ ಕೆಂಪು ಮಣ್ಣು ಸೋಸಿ ಒಯ್ದಿದ್ದೆ. ಕೈಗೆ ಕೊಡುವ ಧೈರ್ಯವಿಲ್ಲದೆ ಕಣಜದ ಹಿಂದೆ ಇಟ್ಟು ಬಂದೆ. ಬಸ್ಸಿನಲ್ಲಿ ಕುಳಿತಾಗ ಅನ್ನಿಸಿತು, ಮನೆ ಬಿಟ್ಟದ್ದು ಬೀದರಿಗೆ ಬಂದಾಗಲ್ಲ, ಕುಡುಗೋಲು ಹಿಡಿದಾಗ.

ಈ ವರ್ಷ ಪಂಚಮಿಗೆ ಹೋದಾಗ ಚೀಲ ಅಲ್ಲಿರಲಿಲ್ಲ. ವೈನಿ ರೊಟ್ಟಿಗೆ ಜೋಳ ಬೀಸಿಸಬೇಕು ಎಂದಳು. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಅಣ್ಣ ಅಲ್ಲಿಂದಲೇ ಕೂಗಿದ.

“ಸುಮ್ಮಿ, ನೀನೇ ತೆಗಿ. ಕೈ ಹಾಕು, ಕಣ್ಣ ಹಾಕಬ್ಯಾಡ.”

ಮುಖವನ್ನು ಗೋಡೆಯ ಕಡೆ ತಿರುಗಿಸಿ ಭುಜದವರೆಗೆ ಕೈ ಇಳಿಬಿಟ್ಟೆ. ಜೋಳ ತಣ್ಣಗಿತ್ತು. ಮೊಗೆಯುವಾಗ ಬೆರಳ ಹಿಂಬದಿ ಕಣಜದ ಮೈಗೆ ಉಜ್ಜಿತು. ಕೈ ಹೊರಗೆ ತೆಗೆದರೆ ಗೆಣ್ಣುಗಳೆಲ್ಲ ಕೆಂಪು.

ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅಣ್ಣ ಹಗ್ಗದಿಂದ ತಲೆ ಎತ್ತಲಿಲ್ಲ.

ಹೊರಡುವಾಗ ಕೇಳಿದೆ, “ನಾ ಮಾಡಿದ್ದು ಬರದು ಹಂಚಿಕೊಳ್ಳಬೇಕಂತೇನಿ. ಬರೀಲೇನು?” ಈ ಸಲ ಕೇಳಿಯೇ ಬರೆಯುತ್ತಿದ್ದೇನೆ.

“ಆಗಿದ್ದು ಬರಿ. ಈಗ ಒಳಗೇನದ ಅದು ಬ್ಯಾಡ.”

ಬರೆಯಬೇಕೆಂದರೂ ನನಗೆ ಗೊತ್ತಿಲ್ಲ. ನಾನು ನೋಡಲಿಲ್ಲ.

ಬೀದರಿನ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಔರಾದ ಕಡೆಯ ಮುದುಕಿ ನನ್ನ ಕೈ ನೋಡಿದಳು.

“ಮೆಹಂದಿ ಏನವ್ವ?”

“ಅಲ್ರಿ, ಮಣ್ಣು. ನಮ್ಮೂರ್ದು.”

“ನಮ್ಮ ಕಡಿ ಕೆಂಪ ಮಣ್ಣ ಎಲ್ಲದ? ಯಾವೂರು ನಿಂದು?”

ಕಣಜದ ಕಥೆ ನಾಲಿಗೆಯ ತುದಿಯವರೆಗೆ ಬಂತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಕಿಟಕಿಯಾಚೆ ಕರಿ ಹೊಲಗಳು ಮುಗಿದು ಕೆಂಪು ನೆಲ ಶುರುವಾಗುವುದನ್ನು ನೋಡುತ್ತ ಕುಳಿತೆ.